ದೋಣಿ ನಿಲ್ಲಿಸಿದ ಕೆಂಪು ಕವರು

ಕಳೆದ ಭಾನುವಾರ ಬೆಳಿಗ್ಗೆ ನಾನು ನಾಲೆಯ ನಡುನೀರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ದೋಣಿಯಲ್ಲಿ. ಜೊತೆಗೆ ಪಂಚಾಯ್ತಿ ಅಧ್ಯಕ್ಷೆ, ಇಬ್ಬರು ಮೆಂಬರುಗಳು ಮತ್ತು ಕೆಟ್ಟು ನಿಂತ ಎಂಜಿನ್ನಿನ ಬೆನ್ನು ತಟ್ಟುತ್ತಿದ್ದ ನನ್ನ ಭಾವ.

ಚಾಮರಾಜನಗರದ ಕಡೆ ದೋಣಿಯೇ ಅಂತ ನೀವು ಹುಬ್ಬೇರಿಸುತ್ತೀರಿ, ಗೊತ್ತು. ನಾನೂ ಏರಿಸಿದ್ದೆ. ನಮ್ಮ ಕಡೆ ನೀರು ಕಂಡರೆ ಜನ ಬಟ್ಟೆ ಒಗೆಯುತ್ತಾರೆ, ದನ ತೊಳೆಯುತ್ತಾರೆ, ತೂಬಿನ ಹತ್ತಿರ ನಿಂತು ಜಗಳ ಆಡುತ್ತಾರೆ. ಅದರ ಮೇಲೆ ಕೂತು ಸುಮ್ಮನೆ ಸುತ್ತಾಡುವ ಐಡಿಯಾ ಯಾರಿಗೂ ಬಂದಿರಲಿಲ್ಲ. ಬಂದದ್ದು ನಮ್ಮ ಭಾವನಿಗೆ.

ಭಾವ ಅಂದರೆ ನನ್ನ ಯಜಮಾನರ ಅಣ್ಣ, ಮಾದೇವಸ್ವಾಮಿ. ಊರು ಚಂದಕವಾಡಿ ಹೋಬಳಿಯ ಒಂದು ಹಳ್ಳಿ. (ಹಳ್ಳಿಯ ಹೆಸರು ಬೇಡ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.) ವರ್ಷಗಟ್ಟಲೆ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸಿದವರು. ಈರುಳ್ಳಿ, ಟೊಮೆಟೊ, ಬೀನ್ಸು ಏರಿಸಿಕೊಂಡು ಹೋಗುವುದು, ಅಲ್ಲಿ ಇಳಿಸುವ ತನಕ ಕಾಯುವುದು. ಕಾಯುವಾಗ ಮಾಡುವುದೇನು? ಅಲ್ಲಿನ ನಾಲೆ ದಡದಲ್ಲಿ ಕೂತು ದೋಣಿ ನೋಡುವುದು. ಆ ಊರುಗಳಲ್ಲಿ ಮಾರ್ಕೆಟ್ಟಿಗೂ ದೋಣಿ, ಆಸ್ಪತ್ರೆಗೂ ದೋಣಿ, ಮದುವೆ ದಿಬ್ಬಣಕ್ಕೂ ದೋಣಿ. ಮನೆಗೆ ಬಂದಾಗಲೆಲ್ಲ ಅದೇ ಕತೆ. ಕೇಳಿ ಕೇಳಿ ನಮ್ಮ ಮಕ್ಕಳಿಗೆ ಮಲಯಾಳದಲ್ಲಿ ದೋಣಿಗೆ ‘ವಳ್ಳಂ’ ಅನ್ನುತ್ತಾರೆ ಅಂತ ಬಾಯಿಪಾಠ ಆಗಿತ್ತು.

ಆಮೇಲೆ ಸೊಂಟ ಕೈಕೊಟ್ಟಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಅಂದರು ಡಾಕ್ಟರು. ಬೇರೆ ಯಾರಾದರೂ ಆಗಿದ್ದರೆ ಒಂದು ಚಿಲ್ಲರೆ ಅಂಗಡಿ ಇಡುತ್ತಿದ್ದರು. ಭಾವ ಕೇರಳದಲ್ಲಿ ಒಂದು ಹಳೇ ದೋಣಿ ಕೊಂಡರು. ತರಕಾರಿ ಇಳಿಸಿ ಖಾಲಿ ವಾಪಸಾಗುತ್ತಿದ್ದ ಸ್ನೇಹಿತನ ಲಾರಿಗೆ ಅದನ್ನು ಏರಿಸಿಕೊಂಡು ಬಂದರು.

ಗುಂಡ್ಲುಪೇಟೆಯಲ್ಲಿ ಟೀಗೆ ಅಂತ ಲಾರಿ ನಿಲ್ಲಿಸಿದಾಗ ಜನ ಮುತ್ತಿಕೊಂಡರಂತೆ. ಇದನ್ನು ಎಲ್ಲಿ ಓಡಿಸುತ್ತೀರಿ, ಅರಿಶಿನದ ಹೊಲದಲ್ಲಾ ಅಂತ ಒಬ್ಬರು ಕೇಳಿದರಂತೆ. ಭಾವ ಮುಖ ಊದಿಸಿಕೊಳ್ಳಲಿಲ್ಲ. ನಮ್ಮೂರ ನಾಲೆಯಲ್ಲಿ ಅಂದರಂತೆ, ನೀವೂ ಒಂದು ದಿನ ಫ್ಯಾಮಿಲಿ ಕರಕೊಂಡು ಬನ್ನಿ ಅಂತ ಇನ್ವೈಟ್ ಕೂಡ ಮಾಡಿದರಂತೆ.

ಲೆಕ್ಕಾಚಾರ ತಪ್ಪೇನಿರಲಿಲ್ಲ. ಊರ ಸೇತುವೆಯಿಂದ ಕೆರೆಯ ತನಕ ನಾಲೆ ಅಗಲವಾಗಿದೆ, ಎರಡೂ ಕಡೆ ಹೊಂಗೆ ಮರದ ನೆರಳು. ಬದನಗುಪ್ಪೆ ಫ್ಯಾಕ್ಟರಿಗಳಿಗೆ ಬಂದು ಸೇರಿರುವ ಜನಕ್ಕೆ ಭಾನುವಾರ ಹೋಗಲು ಒಂದು ಜಾಗ ಬೇಡವೇ? ನಮ್ಮ ಯಜಮಾನರೂ ಅಲ್ಲೇ ಕೆಲಸ ಮಾಡುವುದು. ಅವರ ಶಿಫ್ಟಿನವರೆಲ್ಲ ಆಗಲೇ ಬರುತ್ತೇವೆ ಅಂದಿದ್ದರು. ನೀರಿರುವಷ್ಟು ತಿಂಗಳು ದೋಣಿ ಓಡಿದರೆ ಭಾವ ಮತ್ತೆ ದುಡಿಯುವ ಮನುಷ್ಯ. ಮನೆಯಲ್ಲಿ ಕೂತ ಮನುಷ್ಯ ಅಲ್ಲ. ಲಾರಿ ಬಿಟ್ಟ ಮೇಲೆ ಅವರು ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ನಾವು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆವು.

ಮೇಲಿನ ಆಫೀಸುಗಳ ಕಾಗದಗಳೆಲ್ಲ ಹೇಗೋ ಆದವು. ಕೊನೆಗೆ ಉಳಿದದ್ದು ಪಂಚಾಯ್ತಿಯ ಒಪ್ಪಿಗೆ. ಅಲ್ಲಿ ಕೂತಿದ್ದವರು ಮಂಗಳಮ್ಮ.

ಮಂಗಳಮ್ಮ ಅಧ್ಯಕ್ಷೆ. ಕೂಲಿ ಮಾಡಿ, ಸಂಘ ಕಟ್ಟಿ ಮೇಲೆ ಬಂದ ಹೆಂಗಸು. (ಅಧ್ಯಕ್ಷೆ ಅಂದರೆ ಗಂಡನ ಪರವಾಗಿ ಸಹಿ ಹಾಕುವವರಲ್ಲ. ಗಂಡ ಪಂಚಾಯ್ತಿ ಆಫೀಸಿಗೆ ಬಂದರೆ ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ.) ಅವರು ಹೇಳಿದ್ದು ಇಷ್ಟು. ದೋಣಿಗೆ ಅಡ್ಡಿಯಿಲ್ಲ, ಆದರೆ ನಾಲೆ ತುಂಬ ಪ್ಲಾಸ್ಟಿಕ್ ಕವರು. ನಡುವೆ ದೋಣಿ ನಿಂತು, ಮಕ್ಕಳು ಗಾಬರಿಯಾಗಿ ಎದ್ದು, ಏನಾದರೂ ಆದರೆ ಪಂಚಾಯ್ತಿ ತಲೆಗೆ ಬರುತ್ತದೆ. ಆದ್ದರಿಂದ ಒಂದು ಟ್ರಯಲ್. ಸೇತುವೆಯಿಂದ ಕೆರೆಗೆ ಹೋಗಿ, ತಿರುಗಿಸಿಕೊಂಡು ಸೇತುವೆಗೆ ಬರಬೇಕು. ಎಲ್ಲೂ ನಿಲ್ಲಬಾರದು. ನಿಂತರೆ ಒಪ್ಪಿಗೆ ಇಲ್ಲ.

ಒಂದು ಕವರು ದೋಣಿಯನ್ನು ನಿಲ್ಲಿಸುತ್ತದೆಯೇ? ನನಗೂ ನಂಬಿಕೆ ಇರಲಿಲ್ಲ. ದೋಣಿಯ ಹಿಂದೆ, ನೀರಿನೊಳಗೆ, ಎಂಜಿನ್ನು ತಿರುಗಿಸುವ ರೆಕ್ಕೆಗಳಿವೆ. ಭಾವ ಅದಕ್ಕೆ ಫ್ಯಾನು ಅನ್ನುತ್ತಾರೆ. ಕವರು ಅದಕ್ಕೆ ಸಿಕ್ಕರೆ ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಂತೆ ಸುತ್ತಿಕೊಳ್ಳುತ್ತದೆ. ಎಂಜಿನ್ನು ಒಂದು ಸಲ ಗುಟುರು ಹಾಕಿ ನಿಲ್ಲುತ್ತದೆ. ಬಲವಂತ ಮಾಡಿದರೆ ಬಿಸಿಯಾಗಿ ಸುಟ್ಟೇ ಹೋಗುತ್ತದೆ. ಮರದ ತುಂಡು ಬಂದರೆ ಕಾಣುತ್ತದೆ, ತಪ್ಪಿಸಬಹುದು. ಕವರು ನೀರಿನ ಬಣ್ಣದಲ್ಲೇ, ನೀರಿನ ಜೊತೆಯಲ್ಲೇ, ಸದ್ದಿಲ್ಲದೆ ಬರುತ್ತದೆ.

(ನಿಷೇಧ ಆಗಿಲ್ಲವೇ ಅಂತ ಕೇಳಬೇಡಿ. ಆಗಿದೆ. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಹೇಳುತ್ತಲೇ ಕೌಂಟರಿನ ಕೆಳಗಿಂದ ಒಂದು ತೆಗೆದು ಕೊಡುತ್ತಾರೆ.)

ಭಾವ ಬಿದಿರಿನ ಕೊಕ್ಕೆ ಮಾಡಿಕೊಂಡು ನಾಲೆಗೆ ಇಳಿದರು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ದಿನವೂ ಗಂಟೆಗಟ್ಟಲೆ ಕವರು ಎಳೆದು ದಡಕ್ಕೆ ಹಾಕಿದರು. ಆಟೋಗೆ ಮೈಕು ಕಟ್ಟಿಸಿ ಸಾರಿಸಿದರು. ಆಮೇಲೆ ಸೇತುವೆ ಮೇಲೆ ಕಾವಲು ನಿಂತರು.

ಅಲ್ಲಿ ನಿಂತಾಗ ಅವರಿಗೆ ಒಂದು ವಿಚಿತ್ರ ಗೊತ್ತಾಯಿತಂತೆ. ಸೇತುವೆಗೆ ಯಾರೂ ಕಸ ತರುವುದಿಲ್ಲ! ಒಬ್ಬರು ಮೀನು ತಿನ್ನಲಿ ಅಂತ ಮಿಕ್ಕ ಅನ್ನ ತಂದಿದ್ದರು, ಕವರಿನಲ್ಲಿ. ಒಬ್ಬರು ಮಗಳ ಆರತಕ್ಷತೆಯ ಹಾರ ತಂದಿದ್ದರು, ಕವರಿನಲ್ಲಿ. ಹಳೇ ಕ್ಯಾಲೆಂಡರಿನ ದೇವರ ಪಟ ತಂದವರಿದ್ದರು, ಅದೂ ಕವರಿನಲ್ಲೇ. ತಡೆದರೆ ಎಲ್ಲರದೂ ಒಂದೇ ಮಾತು, ಇದು ಕಸ ಅಲ್ಲ ಮಾದೇವಣ್ಣ. ಭಾವ ಎಲ್ಲರ ಹತ್ತಿರವೂ ಜಗಳ ಆಡಿದರು. ಮೂರನೇ ಮನೆಯ ಚಿಕ್ಕಪ್ಪ ಮಾತು ಬಿಟ್ಟರು. ಟೀ ಅಂಗಡಿಯಲ್ಲಿ ಇವರು ಬಂದರೆ ಮಾತು ನಿಲ್ಲುತ್ತಿತ್ತು. ಆದರೂ ಟ್ರಯಲ್ ದಿನಕ್ಕೆ ನಾಲೆ ಕನ್ನಡಿಯ ಹಾಗಿತ್ತು ಅಂತ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಪತ್ರಿಕೆಗೆ ಬರೆಯುವ ಈ ಅಂಕಣಕ್ಕೊಂದು ವಸ್ತು ಸಿಕ್ಕಿತು ಅಂತ ನಾನು ಹಿಂದಿನ ದಿನವೇ ಊರಿಗೆ ಹೋಗಿದ್ದೆ. ಪ್ಲಾಸ್ಟಿಕ್ ಬಗ್ಗೆ ಒಂದೆರಡು ಗಟ್ಟಿ ವಾಕ್ಯ ತಲೆಯಲ್ಲೇ ರೆಡಿ ಇದ್ದವು. (ಈಗ ಅವನ್ನು ಬಳಸುವ ಧೈರ್ಯ ಇಲ್ಲ.)

ಭಾನುವಾರ ಬೆಳಕು ಹರಿಯುತ್ತಲೇ ದೋಣಿಗೆ ಪೂಜೆ. ಹೊಸ ಗಾಡಿ ಬಂದರೆ ಬಿಡುತ್ತೇವೆಯೇ? ದೋಣಿಯ ಮೂತಿಗೆ ವಿಭೂತಿ ಪಟ್ಟೆ, ಎರಡೂ ಪಕ್ಕಕ್ಕೆ ಚೆಂಡುಹೂವಿನ ಹಾರ, ಬಿಲ್ವಪತ್ರೆ, ತೆಂಗಿನಕಾಯಿ, ನಿಂಬೆಹಣ್ಣು. ನಿಂಬೆಹಣ್ಣನ್ನು ಲಾರಿಯಾದರೆ ಚಕ್ರದ ಕೆಳಗೆ ಇಡಬಹುದು. ದೋಣಿಗೆ ಚಕ್ರ ಎಲ್ಲಿದೆ? ಕೊನೆಗೆ ದೋಣಿಯ ಮೂತಿಯ ಕೆಳಗೆ ಇಟ್ಟು, ನಾಲ್ಕು ಜನ ನೀರಿಗೆ ತಳ್ಳಿದರು. ಎಲ್ಲವನ್ನೂ ಮುಂದೆ ನಿಂತು ಮಾಡಿಸಿದವರು ನಮ್ಮ ಅತ್ತೆ. ಮಗ ಮತ್ತೆ ದುಡಿಮೆಗೆ ಇಳಿಯುತ್ತಿದ್ದಾನೆ ಅನ್ನುವ ಸಂತೋಷ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಮಂಡಿನೋವನ್ನೂ ಮರೆತು ಓಡಾಡುತ್ತಿದ್ದರು.

ಪೂಜೆ ಮುಗಿದ ಮೇಲೆ, ಹೂವು ಒಳಗೆ ಬಿದ್ದರೆ ಕಾಲು ಜಾರುತ್ತದೆ ಅಂತ ಭಾವ ಹಾರ ತೆಗೆಸಿದರು. ತೆಗೆದ ಹಾರ, ಪತ್ರೆ, ಅಪ್ಪಚ್ಚಿಯಾದ ನಿಂಬೆಹಣ್ಣು, ಕಾಯಿಚೂರು ಎಲ್ಲವನ್ನೂ ಅತ್ತೆ ಸೆರಗಿನಲ್ಲಿ ತುಂಬಿಕೊಂಡರು. ಪೂಜೆಯ ಹೂವು ಯಾರ ಕಾಲಡಿಗೂ ಸಿಗಬಾರದು. ಅವರು ನನ್ನ ಕಡೆ ತಿರುಗಿದರು.

“ಒಂದ್ ಕವರ್ ಇದ್ದದಾ ಕಣವ್ವ?”

ಇರದೆ ಏನು? ನನ್ನ ಬ್ಯಾಗಿನಲ್ಲಿ ಕವರು ಇಲ್ಲದ ದಿನವಿಲ್ಲ. ತ್ರಿಕೋನವಾಗಿ ಮಡಿಸಿ, ಒಂದರೊಳಗೊಂದು ತುರುಕಿ ಇಟ್ಟುಕೊಂಡಿರುತ್ತೇನೆ. ಹೈಸ್ಕೂಲ್ ಟೀಚರಮ್ಮನ ಬ್ಯಾಗು ಅಂದಮೇಲೆ ಹಾಗೇ. ಅದರಲ್ಲೇ ಒಳ್ಳೆಯದು, ಹಬ್ಬಕ್ಕೆ ಸ್ವೀಟು ಕಟ್ಟಿಸಿಕೊಂಡಿದ್ದ ದಪ್ಪನೆಯ ಕೆಂಪು ಕವರು ತೆಗೆದು ಕೊಟ್ಟೆ. ದೇವರ ಹೂವಿಗೆ ತೆಳ್ಳನೆಯದು ಕೊಡಲು ಮನಸ್ಸಾಗುತ್ತದೆಯೇ?

ಅತ್ತೆ ತುಂಬಿದರು, ಬಾಯಿ ಕಟ್ಟಿದರು, ಗಂಟಿನ ಮೇಲೆ ಗಂಟು ಹಾಕಿದರು. ನಮ್ಮತ್ತೆಯ ಗಂಟು ನಮ್ಮ ಮನೆಯಲ್ಲಿ ಫೇಮಸ್. ಅವರು ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಯಾರೂ ಬಿಚ್ಚಿದ್ದಿಲ್ಲ, ಕತ್ತರಿಸಿದ್ದೇ. ಗಂಟು ಹಾಕಿದ್ದನ್ನು ಕಣ್ಣಿಗೆ ಒತ್ತಿಕೊಂಡು, ಸೇತುವೆಯ ಮೇಲೆ ಹೋಗಿ, ನಿಧಾನಕ್ಕೆ ನೀರಿಗೆ ಬಿಟ್ಟು ಕೈ ಮುಗಿದರು. ನಾನೂ ಮುಗಿದೆ. ಭಾವ ಆಗ ಎಂಜಿನ್ನಿಗೆ ಪೆಟ್ರೋಲ್ ಹಾಕುತ್ತಿದ್ದರು, ನೋಡಲಿಲ್ಲ.

ಆಮೇಲೆ ಮಂಗಳಮ್ಮ ಬಂದರು. ಗಂಡನೂ ಬಂದಿದ್ದರು, ದೋಣಿ ಅಲ್ಲಾಡಿದ್ದು ನೋಡಿ ದಡದಲ್ಲೇ ಉಳಿದರು. ಮಂಗಳಮ್ಮ ಸೀರೆ ಎತ್ತಿ ಸಿಕ್ಕಿಸಿ ಹತ್ತಿ ಕೂತರು. ಇಬ್ಬರು ಮೆಂಬರುಗಳು ಕೂತರು. ಪತ್ರಿಕೆಯವರ ಕೋಟಾದಲ್ಲಿ ನಾನು.

ಹೋಗುವಾಗ ಎಷ್ಟು ಚೆನ್ನಾಗಿತ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಊರಿಗೆ ಬಂದಾಗಲೆಲ್ಲ ಬಸ್ಸಿನಿಂದ ನೋಡಿದ ಹೊಲ, ಪಂಪ್‌ಹೌಸು, ತೆಂಗಿನ ಸಾಲು ಎಲ್ಲ ನೀರಿನ ಮಟ್ಟದಿಂದ ನೋಡಿದರೆ ಬೇರೆಯೇ ಊರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮೆಂಬರೊಬ್ಬರು ಸೆಲ್ಫಿ ತೆಗೆದುಕೊಳ್ಳುವುದರಲ್ಲಿ ಮುಳುಗಿಹೋದರು. ಕೆರೆಗೆ ಹೋಗಿ ದೋಣಿ ಅಗಲಕ್ಕೆ ಒಂದು ಸುತ್ತು ತಿರುಗಿದಾಗ ಮಂಗಳಮ್ಮ ನೀರಿಗೆ ಕೈ ಇಳಿಬಿಟ್ಟು ನಕ್ಕರು. ಭಾವ ಅದನ್ನು ನೋಡಿದರು. ನಾನು ಭಾವನ ಮುಖ ನೋಡಿದೆ. ಆಗಿಹೋಯಿತು ಅಂದುಕೊಂಡೆ.

ವಾಪಸ್ ಬರುವಾಗ ಸೇತುವೆ ಕಾಣಿಸಿತು. ಅದರ ಪಕ್ಕ ದಡದಲ್ಲಿ ನಿಂತ ಅತ್ತೆಯೂ ಕಾಣಿಸಿದರು. ಆಗ ಎಂಜಿನ್ನು ಗುಟುರು ಹಾಕಿತು. ನಿಂತಿತು.

ದೋಣಿ ಸ್ವಲ್ಪ ಹಿಂದಕ್ಕೆ ತೇಲಿ, ಅಡ್ಡ ತಿರುಗಿತು.  ಭಾವ ಎಂಜಿನ್ನು ಮೇಲೆತ್ತಿದರು. ಫ್ಯಾನಿಗೆ ಏನೋ ಸುತ್ತಿಕೊಂಡಿತ್ತು. ಕುಡುಗೋಲಿನ ತುದಿಯಿಂದ ಬಿಡಿಸಿ ಎಳೆದರು. ಮೊದಲು ಬಂದದ್ದು ಒಂದು ಕೆಂಪು ಮೂಲೆ.

ನನಗೆ ಅಷ್ಟೇ ಸಾಕಾಯಿತು. ಸ್ವೀಟಿನ ಅಂಗಡಿಯ ಕೆಂಪು ಅದು, ಮರೆಯಲು ಸಾಧ್ಯವೇ ಇಲ್ಲ. ದಡದ ಹುಲ್ಲಿಗೆ ಎಲ್ಲೋ ಸಿಕ್ಕಿಕೊಂಡಿದ್ದನ್ನು ನಮ್ಮದೇ ದೋಣಿಯ ಅಲೆ ನಡುನೀರಿಗೆ ತಂದಿತ್ತೇನೋ. ಒಂದು ಪಕ್ಕ ಹರಿದಿತ್ತು. ಹರಿದಲ್ಲಿಂದ ಚೆಂಡುಹೂವು ಇಣುಕುತ್ತಿತ್ತು, ಇನ್ನೂ ಬಾಡಿರಲಿಲ್ಲ. ಗಂಟು ಮಾತ್ರ ಇದ್ದ ಹಾಗೇ ಇತ್ತು. ಭಾವ ಆ ಗಂಟನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು. ಅವರಿಗೂ ಗೊತ್ತಾಯಿತು.

“ಯಾರ್ದದು ಮಾದೇವಣ್ಣ?” ಅಂದರು ಮಂಗಳಮ್ಮ.

ಹೇಳಲು ಒಂದು ಸುಲಭದ ಉತ್ತರವಿತ್ತು. ಮೇಲಿನ ಊರಿನವರದು ಅಂದರೆ ಮುಗಿಯಿತು. ನಾಲೆ ಇರುವ ಪ್ರತಿ ಊರಿಗೂ ಮೇಲೊಂದು ಊರು ಇರುತ್ತದೆ, ಎಲ್ಲ ತಪ್ಪೂ ಅಲ್ಲಿಂದಲೇ ಹರಿದು ಬರುತ್ತದೆ. ಮೆಂಬರೊಬ್ಬರು ಆಗಲೇ ಅದನ್ನು ಹೇಳಲು ಬಾಯಿ ತೆರೆದಿದ್ದರು. ನಾನಂತೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ, ಹೇಳಿಬಿಡಿ ಭಾವ, ಮೇಲಿನ ಊರು ಅಂತ ಹೇಳಿಬಿಡಿ. ಭಾವ ದಡದ ಕಡೆ ನೋಡಿದರು. ದೋಣಿ ಯಾಕೆ ನಿಂತಿತು ಅಂತ ತಿಳಿಯದೆ ಅತ್ತೆ ಕೈ ಮುಗಿದುಕೊಂಡು ನಿಂತಿದ್ದರು.

“ನಮ್ಮನೇದೇ ಕಣಕ್ಕ,” ಅಂದರು ಭಾವ. “ನಮ್ಮವ್ವ ಬುಟ್ಟಿರದು.”

ಕವರು ನನ್ನದು ಅಂತ ನಾನೂ ಹೇಳಿದೆ. ಅವರು ಹೇಳಿದ ಮೇಲೆ. ಮೊದಲಲ್ಲ.

ಮಂಗಳಮ್ಮ ನಗಲಿಲ್ಲ, ಬೈಯಲೂ ಇಲ್ಲ. ಆ ಹೂವಿನ ಕಡೆ ಬೆರಳು ತೋರಿಸಿದರು. “ನಿಮ್ಮವ್ವನ ಕೈಯನ್ನೇ ತಡಿಯಕ ಆಗ್ನಿಲ್ವಲ್ಲ ಮಾದೇವಣ್ಣ. ಇನ್ನ ಊರೋರ ಕೈಯ ಎಂಗ ತಡದೀಯ?”

 ಭಾವ ಬಿದಿರಿನ ಗಳು ಹಾಕಿ ದೋಣಿಯನ್ನು ದಡಕ್ಕೆ ತಳ್ಳಿದರು. ತಳ್ಳುತ್ತಲೇ ಒಂದು ಕೈಯಿಂದ ಸೊಂಟ ಹಿಡಿದುಕೊಂಡರು. ಊರಿನವರ ಜೊತೆಯೆಲ್ಲ ಜಗಳ ಆಡಿದ ಮನುಷ್ಯ ಅದೇ ಊರಿನವರ ಮುಂದೆ, ತನ್ನ ಮನೆಯ ಕವರು ಕೈಯಲ್ಲಿ ಹಿಡಿದು ಇಳಿಯಬೇಕಾಗಿತ್ತು. ಟೀ ಅಂಗಡಿಯವರೂ ಬಂದಿದ್ದರು. ಮಾತು ಬಿಟ್ಟ ಚಿಕ್ಕಪ್ಪನೂ ಬಂದಿದ್ದರು.

ಅತ್ತೆ ಹತ್ತಿರ ಬಂದು ಕವರು ನೋಡಿದರು. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಪೂಜೆ ಮಾಡಿದ ಹೂವು ಹೇಗೆ ಅಡ್ಡ ಬರುತ್ತದೆ?

“ಅದು ಕಸ ಅಲ್ಲ ಕಣಪ್ಪ. ದೇವ್ರ ಹೂವ.”

“ಫ್ಯಾನ್ಗ ಅದು ಗೊತ್ತಾಗದಿಲ್ಲ ಕಣವ್ವ,” ಅಂದರು ಭಾವ. ಸಿಟ್ಟಿನಿಂದ ಅಲ್ಲ. ತುಂಬ ಮೆತ್ತಗೆ.

ಅತ್ತೆ ಅಲ್ಲೇ ಕೂತುಬಿಟ್ಟರು. ಕವರನ್ನು ಮಡಿಲಲ್ಲಿಟ್ಟುಕೊಂಡು ಗಂಟು ಬಿಚ್ಚಲು ಶುರು ಮಾಡಿದರು. ಒಂದು ಪಕ್ಕ ಹರಿದಿದೆ, ಅಲ್ಲಿಂದ ಸುರಿದರೆ ಆಗುತ್ತದೆ ಅಂತ ನಾನು ಹೇಳಿದೆ. ಅವರು ಕೇಳಲಿಲ್ಲ. ಒದ್ದೆ ಪ್ಲಾಸ್ಟಿಕ್ಕಿನ ಗಂಟು ಜಾರುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಉಗುರು ಹಾಕಿ, ಬಿಟ್ಟು, ಮತ್ತೆ ಹಾಕಿ ಬಿಚ್ಚುತ್ತಲೇ ಇದ್ದರು. ಊರೆಲ್ಲ ನಿಂತು ನೋಡುತ್ತಿತ್ತು. ನಾನು ಸಹಾಯಕ್ಕೆ ಕೈ ಹಾಕಲು ಹೋದೆ, ಬೇಡ ಅಂತ ತಲೆ ಆಡಿಸಿದರು. ಕಟ್ಟಿದ್ದು ಅವರು, ಬಿಚ್ಚಬೇಕಾದದ್ದೂ ಅವರೇ ಅನ್ನುವ ಹಾಗೆ.

ಕೊನೆಗೂ ಬಿಚ್ಚಿತು. ಎದ್ದು ಹೋಗಿ ಹೊಂಗೆ ಮರದ ಬುಡದಲ್ಲಿ, ಬೇರುಗಳ ಸಂದಿಯಲ್ಲಿ ಹೂವು ಸುರಿದರು. ಇಲ್ಲಿ ತುಳಿಯುವುದಿಲ್ಲವಾ ಅಂತ ಮಂಗಳಮ್ಮ ಕೇಳಿದರು. ಮರದ ಬುಡಕ್ಕೆ ಯಾರವ್ವ ಕಾಲಿಡುತ್ತಾರೆ ಅಂದರು ಅತ್ತೆ. ಕವರನ್ನು ನೀರಿನಲ್ಲಿ ಜಾಲಿಸಿ, ಒದರಿ, ಮಡಿಸಿ ನನ್ನ ಕೈಗೆ ಕೊಟ್ಟರು.

ಆಮೇಲೆ ಮಂಗಳಮ್ಮ ಯಾರಿಗೂ ಅಂತಲ್ಲದೆ ಹೇಳಿದರು, ನಮ್ಮ ಮನೆಯ ಮದುವೆ ಹಾರ ಬಿಟ್ಟಿದ್ದೂ ಇದೇ ಸೇತುವೆಯಿಂದಲೇ ಅಂತ. ಟೀ ಅಂಗಡಿಯವರು ನೆಲ ನೋಡಿದರು. ಚಿಕ್ಕಪ್ಪ ಕೆಮ್ಮಿದರು.

ನಾನು ಅಲ್ಲಿಂದ ಬಂದ ಮೇಲೆ ಯೋಚಿಸುತ್ತಿರುವುದು ಇದನ್ನೇ. ಯಾರ ಕೈಯಲ್ಲಿದ್ದಾಗಲೂ ಕವರು ಕಸ ಅಲ್ಲ. ನನ್ನ ಬ್ಯಾಗಿನಲ್ಲಿದ್ದಾಗ ಅದು ಮುಂದಾಲೋಚನೆ. ಅತ್ತೆಯ ಕೈಯಲ್ಲಿ ಭಕ್ತಿ. ಅನ್ನ ತಂದವರ ಕೈಯಲ್ಲಿ ಪುಣ್ಯ. ಕೈ ಬಿಟ್ಟು ನೀರಿಗೆ ಬಿದ್ದ ಕ್ಷಣಕ್ಕೆ ಅದು ಇನ್ನೊಬ್ಬರ ಊರಿನ ಕಸ. ಮೈಕಿನಲ್ಲಿ ಸಾರಿದರೆ ನಮಗೆ ತಟ್ಟುವುದೇ ಇಲ್ಲ, ಯಾಕೆಂದರೆ ನಾವ್ಯಾರೂ ಕಸ ಹಾಕುವವರಲ್ಲವಲ್ಲ? ಭಾವ ಅಷ್ಟು ದಿನ ಊರಿಗೆಲ್ಲ ಕೂಗಿ ಹೇಳಿದ್ದು ಅವರ ತಾಯಿಗೂ ಕೇಳಿಸಿತ್ತು, ನನಗೂ ಕೇಳಿಸಿತ್ತು. ಬೇರೆಯವರಿಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆವು.

ಒಪ್ಪಿಗೆಯ ವಿಷಯ ಏನಾಯಿತು ಅಂತ ಕೇಳುತ್ತೀರಿ. ಅವತ್ತು ಸಿಗಲಿಲ್ಲ. ನಿಂತರೆ ಇಲ್ಲ ಅಂದಿದ್ದೆ, ನಿಂತಿತು ಅಂದರು ಮಂಗಳಮ್ಮ. ಮಾತಿಗೆ ತಪ್ಪದ ಹೆಂಗಸು. ಆದರೆ ಹೊರಡುವಾಗ ತಿರುಗಿ ನಿಂತು, ಬರುವ ಭಾನುವಾರ ಇನ್ನೊಂದು ಸಲ ನೋಡೋಣ ಅಂದರು. ಒಂದು ಕಂಡೀಶನ್ನು. ಈ ಸಲ ದೋಣಿಯಲ್ಲಿ ನಿಮ್ಮ ಅವ್ವನೂ ಕೂರಬೇಕು. ಮಗನ ದೋಣಿ ನಿಂತರೆ ನಡುನೀರಿನಲ್ಲಿ ಹೇಗಿರುತ್ತದೆ ಅಂತ ಅವರಿಗೂ ಗೊತ್ತಾಗಲಿ.

ನಮ್ಮತ್ತೆ ಇಷ್ಟು ವಯಸ್ಸಿಗೆ ದೋಣಿ ಹತ್ತಿದವರಲ್ಲ. ಹೆದರುತ್ತಾರೆ ಅಂದುಕೊಂಡೆ. ಮೊನ್ನೆ ಫೋನು ಮಾಡಿದರೆ, ಆಗಲೇ ಯಾವ ಸೀರೆ ಉಡುವುದು ಅಂತ ತೀರ್ಮಾನ ಆಗಿತ್ತು. ಸೇತುವೆಯ ಎರಡೂ ತುದಿಗೆ ಬಿದಿರಿನ ಬುಟ್ಟಿ ಇಡಿಸಿದ್ದಾರಂತೆ, ಹೂವು ಅದಕ್ಕೆ, ಕವರು ವಾಪಸ್ ಮನೆಗೆ. ಸಂಜೆ ಹೊತ್ತು ತಾವೇ ಹೋಗಿ ಕೂರುತ್ತಾರಂತೆ. ಹೂವು ತಂದವರಿಗೆ ಬೈಯುವುದಿಲ್ಲವಂತೆ, ಗಂಟು ಬಿಚ್ಚಿಕೊಡಿ ಅನ್ನುತ್ತಾರಂತೆ. ಕೆಲವರು ಬಿಚ್ಚಿಕೊಡುತ್ತಾರೆ. ಕೆಲವರು ನಾಳೆ ಬರುತ್ತೇವೆ ಅಂತ ಕವರಿನ ಸಮೇತ ಹೊರಟುಹೋಗುತ್ತಾರೆ. ಭಾವ ಈಗ ಮೈಕಿನ ಮಾತೇ ಎತ್ತುತ್ತಿಲ್ಲ.

ದೋಣಿಗೆ ಮತ್ತೆ ಪೂಜೆ ಬೇಡ ಅಂತ ಭಾವ ಹೇಳಿ ನೋಡಿದರು. ಅತ್ತೆ ಒಪ್ಪಿಲ್ಲ. ಪೂಜೆಯ ತಪ್ಪೇನು ಅನ್ನುವುದು ಅವರ ಪ್ರಶ್ನೆ. ನನಗೆ ಮಾತ್ರ ಒಂದು ಆರ್ಡರು ಬಂತು. “ಪ್ಯಾಟಿಂದ ಹೂವ ತತ್ತೀಯಲ್ಲ, ಬಾಳೆಲೇಲಿ ಕಟ್ಟುಸ್ಕಂಡು ಬಾ ಕಣವ್ವ.”

ಅದರಂತೆ ನಿನ್ನೆ ಚಾಮರಾಜನಗರದ ಮಾರ್ಕೆಟ್ಟಿಗೆ ಬಟ್ಟೆ ಬ್ಯಾಗು ಹಿಡಿದುಕೊಂಡು ಹೋದೆ. ಬಾಳೆಲೆಯಲ್ಲಿ ಕಟ್ಟಿಕೊಡಮ್ಮ ಅಂದೆ. ಹೂವಿನಾಕೆಗೆ ಖುಷಿಯೋ ಖುಷಿ. ಈಗ ಯಾರೂ ಹಾಗೆ ಕೇಳುವುದೇ ಇಲ್ಲ ಅಂದಳು. ಹಾರವನ್ನು ಸುತ್ತಿ, ಎಲೆಯಲ್ಲಿ ಮಡಿಸಿ, ಬಾಳೆನಾರು ಕಟ್ಟಿ, ನೀರು ಚಿಮುಕಿಸಿದಳು. ನೋಡಲು ಅಷ್ಟು ಚೆನ್ನಾಗಿತ್ತು. ಆಮೇಲೆ ಆ ಪೊಟ್ಟಣವನ್ನು ಒಂದು ಕವರಿಗೆ ಹಾಕಿ ಕೊಟ್ಟಳು, ನಿಮ್ಮ ಬಟ್ಟೆ ಬ್ಯಾಗು ಒದ್ದೆಯಾಗಬಾರದಲ್ಲ ಅಂತ.

ಪೊಟ್ಟಣ ತೆಗೆದುಕೊಂಡು ಕವರು ವಾಪಸ್ ಚಾಚಿದೆ. ಒದ್ದೆಯಾಗಿದ್ದ ಕವರು ಅವಳಿಗೂ ಬೇಡ.

“ಎಲ್ಲಾದ್ರೂ ಬಿಸಾಕ್ಬುಡಿ ಅಕ್ಕ,” ಅಂದಳು.

ಆ ‘ಎಲ್ಲಾದರೂ’ ಅನ್ನುವುದು ಎಲ್ಲಿದೆ ಅಂತ ನನಗೀಗ ಗೊತ್ತು. ದೋಣಿಯಲ್ಲಿ ಕೂತು ನೋಡಿ ಬಂದಿದ್ದೇನೆ.